ಎಲ್ಲಾ ಕರೆನೂ ಸಿಪಿಯು ಸೊನ್ನೆಗೇ ಯಾಕೆ?

1/9
ಫೋಟೊ ಝೂಮ್ ಮಾಡಿ ನೋಡಿ. 8 ಕಾಲಂ ಇದಾವೆ, ಒಂದೊಂದು ಕಾಲಂ ಒಂದೊಂದು ಪ್ರೊಸೆಸರ್ ಕೋರ್‌ದು. ಮೊದಲನೇ ಕಾಲಂನಲ್ಲಿ ಉದ್ದುದ್ದ ಸಂಖ್ಯೆಗಳು. ಉಳಿದ 7 ಕಾಲಂನಲ್ಲಿ ಬರೀ ಸೊನ್ನೆ, ಸೊನ್ನೆ, ಸೊನ್ನೆ.

ಇದು ಹರಿಹರದ ಒಂದು ಸಣ್ಣ ಕೇಬಲ್ ಇಂಟರ್ನೆಟ್ ಆಫೀಸಿನ ಸರ್ವರ್. ಹೆಸರು ಕೇಳಬೇಡಿ, ಹೇಳಲ್ಲ. ಫೋಟೊ ಹಾಕೋಕೆ ಒಪ್ಪಿಗೆ ತಗೊಂಡಿದೀನಿ, ಐಪಿ ಅಡ್ರೆಸ್ ಎಲ್ಲಾ ಮಸುಕು ಮಾಡಿದೀನಿ.

ದಿನಾ ರಾತ್ರಿ 8 ಆಯ್ತು ಅಂದ್ರೆ ಆ ಏರಿಯಾದಲ್ಲಿ ನೆಟ್ ತೆವಳ್ತಿತ್ತು. ಸೀರಿಯಲ್ ನಿಲ್ಲೋದು, ವಿಡಿಯೊ ಕಾಲ್‌ನಲ್ಲಿ ಮುಖ ಚೌಕ ಚೌಕ ಆಗೋದು. ಸಿಇಟಿ ಆಪ್ಷನ್ ಎಂಟ್ರಿ ಸಮಯದಲ್ಲಿ ಮಕ್ಕಳು ಮೊಬೈಲ್ ಹಿಡ್ಕೊಂಡು ಮಹಡಿ ಮೇಲೆ ಓಡಾಡೋದು. ಆಫೀಸಿನ ಅಣ್ಣ ನನಗೆ ಹೇಳಿದ್ದು ಇಷ್ಟೇ: "ಹೊಸಾ ಸರ್ವರ್ ತಗಳ್ಳೇಬೇಕು ಅಂತಾರಮ್ಮ. ಸಾಲ ಮಾಡ್ಬೇಕಾಗ್ತೈತೆ. ಒಂದ್ಸಲ ನೀನು ನೋಡಿ ಹೇಳು."

ನೋಡಿದೆ. ಸರ್ವರ್‌ಗೆ ಶಕ್ತಿ ಕಡಿಮೆ ಇರಲಿಲ್ಲ. 8 ಜನ ಕೆಲಸದವರಲ್ಲಿ ಒಬ್ಬ ಸಾಯ್ತಿದ್ದ, 7 ಜನ ಕೂತಿದ್ರು.

ಇದನ್ನ 9 ಭಾಗದಲ್ಲಿ ಬರೀತೀನಿ. ಕಂಪ್ಯೂಟರ್ ಸೈನ್ಸ್ ಓದದವರೂ ಓದಿ. 7ನೇ ಭಾಗದಿಂದ ಇದು ಸರ್ವರ್ ಕಥೆ ಅಷ್ಟೇ ಅಲ್ಲ.

2/9
ಮೊದಲು ಇಂಟರಪ್ಟ್ ಅಂದ್ರೆ ಏನು ಅಂತ ತಿಳ್ಕೊಳ್ಳಿ.

ಫೋಟೊದಲ್ಲಿರೋದು ದಾವಣಗೆರೆ ಬೆಣ್ಣೆ ದೋಸೆ ಹೋಟೆಲ್. ಒಳಗೆ ನಾಲ್ಕು ಕಾವಲಿ, ನಾಲ್ಕು ಜನ ಭಟ್ಟರು ಅಂದ್ಕೊಳ್ಳಿ. ಗಿರಾಕಿ ಬಂದು ಬೆಲ್ ಒತ್ತಿದ ತಕ್ಷಣ ಭಟ್ಟರು ಕೈಯಲ್ಲಿರೋ ಕೆಲಸ ಬಿಟ್ಟು ತಿರುಗಿ, ಆರ್ಡರ್ ಕೇಳಿ, ಬರ್ಕೊಂಡು, ಮತ್ತೆ ಕಾವಲಿ ಕಡೆ ಹೋಗಬೇಕು. ಆ ಬೆಲ್‌ಗೇ ಇಂಟರಪ್ಟ್ ಅಂತಾರೆ.

ನೆಟ್‌ವರ್ಕ್ ಕಾರ್ಡ್‌ಗೆ ಒಂದು ಪ್ಯಾಕೆಟ್ ಬಂದಾಗ ಅದು ಪ್ಯಾಕೆಟ್‌ನ ನೇರವಾಗಿ ಮೆಮೊರಿಗೆ ಹಾಕಿ, ಪ್ರೊಸೆಸರ್‌ಗೆ "ಬಂದೈತೆ, ನೋಡು" ಅಂತ ಬೆಲ್ ಹೊಡೆಯುತ್ತೆ. ಪ್ರೊಸೆಸರ್ ಕೆಲಸ ಬಿಟ್ಟು ಬರುತ್ತೆ. ಒಂದು ಬೆಲ್‌ಗೆ ಹಿಡಿಯೋ ಹೊತ್ತು ತುಂಬಾ ಕಡಿಮೆ. ಆದ್ರೆ ಎಣಿಕೆ ನೋಡಿ: 1 ಗಿಗಾಬಿಟ್ ಲೈನ್ ಪೂರ್ತಿ ತುಂಬಿದ್ರೆ, ದೊಡ್ಡ ಸೈಜಿನ ಪ್ಯಾಕೆಟ್‌ಗಳೇ ಆದ್ರೂ ಸೆಕೆಂಡಿಗೆ ಸುಮಾರು 81 ಸಾವಿರ ಬರ್ತವೆ. ಎಲ್ಲಾ ಅತಿ ಚಿಕ್ಕ ಪ್ಯಾಕೆಟ್ ಆದ್ರೆ ಸೆಕೆಂಡಿಗೆ 14,88,095. ಒಂದೊಂದಕ್ಕೂ ಒಂದೊಂದು ಬೆಲ್ ಹೊಡೆದ್ರೆ ದೋಸೆ ಹುಯ್ಯೋರು ಯಾರು?

ಇನ್ನೂ ಒಂದು ವಿಷಯ. ಬೆಲ್‌ನ ತಂತಿ ನಾಲ್ಕೂ ಭಟ್ಟರ ಹತ್ರ ಹೋಗಿರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಎಷ್ಟೋ ಕಡೆ ಅದು ಬಾಗಿಲ ಹತ್ರದ ಮೊದಲನೇ ಭಟ್ಟರ ತಲೆ ಮೇಲೆ ಮಾತ್ರ ನೇತಾಡ್ತಿರುತ್ತೆ.

3/9
"ಅಷ್ಟು ಬೆಲ್ ಬಂದ್ರೆ ಏನಾಗುತ್ತೆ?" ಅಂತ ಹೋದ ಸರಣಿಯಲ್ಲೇ ಒಬ್ಬರು ಕೇಳಿದ್ರು.

ಇದಕ್ಕೆ ಒಂದು ಹೆಸರಿದೆ: ರಿಸೀವ್ ಲೈವ್‌ಲಾಕ್. 1996ರಲ್ಲಿ ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಅಂತ ಇಬ್ಬರು ಇದರ ಬಗ್ಗೆ ಒಂದು ಪ್ರಬಂಧ ಬರೆದ್ರು. ಈ ರಾಮಕೃಷ್ಣನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್ ಮಾಡಿದವರು. ಅವರು ತೋರಿಸಿದ್ದು ಏನಂದ್ರೆ, ಪ್ಯಾಕೆಟ್ ಬರೋ ವೇಗ ಒಂದು ಮಿತಿ ದಾಟಿದ್ರೆ ಯಂತ್ರ ಬೆಲ್‌ಗೆ ಓಗೊಡೋದ್ರಲ್ಲೇ ಪೂರ್ತಿ ಹೊತ್ತು ಕಳೆಯುತ್ತೆ, ಬಂದ ಪ್ಯಾಕೆಟ್‌ನ ಮುಂದಕ್ಕೆ ಕಳಿಸೋಕೆ ಸಮಯನೇ ಉಳಿಯಲ್ಲ. ಹೊರಗಿಂದ ನೋಡಿದವರಿಗೆ ಯಂತ್ರ ಫುಲ್ ಬಿಜಿ. ಕೆಲಸ ಮಾತ್ರ ಸೊನ್ನೆ.

ಯಂತ್ರ ಕೆಟ್ಟಿಲ್ಲ, ಸೋಮಾರಿಯಾಗಿಲ್ಲ. ಕರೆದವರಿಗೆಲ್ಲಾ "ಹಾಂ ಬಂದೆ" ಅಂತಾನೇ ಇದೆ. ಅದೇ ತೊಂದರೆ.

ಆಮೇಲೆ ಲಿನಕ್ಸ್‌ನಲ್ಲಿ ನಾಪಿ ಅನ್ನೋ ವ್ಯವಸ್ಥೆ ಬಂತು. ಮೊದಲ ಬೆಲ್ ಬಂದ ತಕ್ಷಣ ಆ ಬೆಲ್‌ನ ಆಫ್ ಮಾಡ್ತಾರೆ. ಸಾಲಲ್ಲಿ ನಿಂತ ಪ್ಯಾಕೆಟ್‌ಗಳನ್ನ ಒಂದು ಸುತ್ತಿಗೆ 64ರ ತನಕ ಒಟ್ಟಿಗೆ ಎತ್ಕೊಂಡು ಮುಗಿಸ್ತಾರೆ. ಸಾಲು ಖಾಲಿ ಆದ ಮೇಲೆ ಬೆಲ್ ಮತ್ತೆ ಆನ್. ಇದರಿಂದ ಬೆಲ್‌ಗಳ ಎಣಿಕೆ ಇಳಿಯಿತು. ಆದ್ರೆ ಗಮನಿಸಿ, ಬೆಲ್ ಯಾರಿಗೆ ಹೋಗ್ತಿತ್ತೋ ಆ ಪ್ಯಾಕೆಟ್ ಕೆಲಸನೂ ಅವರ ತಲೆ ಮೇಲೇ ಬೀಳುತ್ತೆ. ಹಂಚಿಕೆ ಅನ್ನೋದು ಬೇರೆಯದೇ ಪ್ರಶ್ನೆ.

4/9
ಈಗ ಸರ್ವರ್ ಮುಂದೆ ಕೂರೋಣ. (ಕಮಾಂಡ್‌ಗಳೆಲ್ಲಾ ಫೋಟೊದಲ್ಲಿವೆ, ಸ್ಕ್ರೀನ್‌ಶಾಟ್ ತಗೊಳ್ಳಿ.)

ಸರ್ವರ್ ಸೆಕೆಂಡ್ ಹ್ಯಾಂಡ್, ಲಿನಕ್ಸ್ ಕರ್ನಲ್ ಹಳೇದು, ಆದ್ರೆ ನೆಟ್‌ವರ್ಕ್ ಕಾರ್ಡ್ ಒಳ್ಳೇದೇ. ಅದರಲ್ಲಿ ಹಲವು ಕ್ಯೂಗಳಿದ್ವು, ಅಂದ್ರೆ ಒಂದು ಬಾಗಿಲಿನ ಬದಲು 8 ಕೌಂಟರ್. ಪ್ರತಿ ಕ್ಯೂಗೂ ತನ್ನದೇ ಬೆಲ್. ಆ 8 ಬೆಲ್‌ಗಳೂ ಹೋಗ್ತಿದ್ದದ್ದು ಮಾತ್ರ ಸಿಪಿಯು ಸೊನ್ನೆಗೆ.

ಯಾಕೆ? ಪ್ರತಿ ಇಂಟರಪ್ಟ್‌ಗೂ ಒಂದು ಅಫಿನಿಟಿ ಮಾಸ್ಕ್ ಇರುತ್ತೆ. ಯಾವ ಕೋರ್ ಈ ಬೆಲ್ ತಗೋಬಹುದು ಅಂತ ಹೇಳೋ ಸ್ವಿಚ್‌ಬೋರ್ಡ್ ಅದು. 8 ಕೋರ್‌ಗೆ 8 ಸ್ವಿಚ್. ಎಲ್ಲಾ ಆನ್ ಇದ್ರೆ ಅದನ್ನ ಹೆಕ್ಸ್ ಲೆಕ್ಕದಲ್ಲಿ ಎಫ್ಎಫ್ ಅಂತ ಬರೀತಾರೆ. ಇಲ್ಲೂ ಎಫ್ಎಫ್ ಅಂತಾನೇ ಇತ್ತು. "ಯಾರು ಬೇಕಾದ್ರೂ ತಗೋಬಹುದು" ಅಂತ ಅರ್ಥ. ಆದ್ರೆ ಇಂಥ ಹಳೆ ಕರ್ನಲ್‌ಗಳು ಆ ಪಟ್ಟಿಯಲ್ಲಿ ಮೊದಲು ಸಿಕ್ಕವನಿಗೇ ಕೊಟ್ಟು ಸುಮ್ಮನಾಗ್ತವೆ. ಮೊದಲು ಸಿಗೋದು ಸಿಪಿಯು ಸೊನ್ನೆ.

ಇದನ್ನ ನೋಡ್ಕೊಳ್ಳೋಕೆ ಐಆರ್‌ಕ್ಯೂ ಬ್ಯಾಲೆನ್ಸ್ ಅಂತ ಒಂದು ಪ್ರೋಗ್ರಾಂ ಇದೆ. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಎದ್ದು, ಯಾರ ಮೇಲೆ ಭಾರ ಜಾಸ್ತಿ ಆಗಿದೆ ಅಂತ ನೋಡಿ ಬೆಲ್‌ಗಳನ್ನ ಬೇರೆ ಕೋರ್‌ಗೆ ಸರಿಸುತ್ತೆ. ಈ ಸರ್ವರ್‌ನಲ್ಲಿ ಅದು ಓಡ್ತಾನೇ ಇರಲಿಲ್ಲ.

ಅಣ್ಣನ ಎದುರಿಗೇ, ರಾತ್ರಿ 1 ಗಂಟೆ ಮೇಲೆ ಗಿರಾಕಿಗಳು ಕಡಿಮೆ ಇರೋ ಹೊತ್ತಲ್ಲಿ, ಒಂದನೇ ಬೆಲ್ ಒಂದನೇ ಕೋರ್‌ಗೆ, ಎರಡನೇದು ಎರಡನೇ ಕೋರ್‌ಗೆ ಅಂತ ಕೈಯಾರೆ ಬರೆದೆ. ಮಾರನೇ ರಾತ್ರಿ ಎಲ್ಲಾ ಕಾಲಂನಲ್ಲೂ ಸಂಖ್ಯೆ ಏರೋಕೆ ಶುರುವಾಯ್ತು.

ಡೌನ್‌ಲೋಡ್ ಸುಧಾರಿಸ್ತು. ಆದ್ರೂ ಸಿಪಿಯು ಸೊನ್ನೆ ಪೂರ್ತಿ ಇಳೀಲಿಲ್ಲ. ಯಾಕೆ ಅಂತ 6ನೇ ಭಾಗದಲ್ಲಿ.

5/9
ನಡುವೆ ಒಂದು ಒಳ್ಳೆ ಪ್ರಶ್ನೆ. "ಅಕ್ಕಾ, ಇಷ್ಟೆಲ್ಲಾ ಯಾಕೆ? ಮೊದಲ ಪ್ಯಾಕೆಟ್ ಇವನಿಗೆ, ಎರಡನೇದು ಅವನಿಗೆ, ಹೀಗೆ ಸರದಿ ಮೇಲೆ ಹಂಚಿದ್ರೆ ಮುಗೀತಲ್ಲ?"

ಮುಗಿಯಲ್ಲ. ಎರಡು ಕಾರಣ.

ಒಂದು, ಸಾಲು ತಪ್ಪುತ್ತೆ. ನೀವು ನೋಡೋ ಒಂದು ವಿಡಿಯೊದ 1, 2, 3ನೇ ಪ್ಯಾಕೆಟ್‌ಗಳು ಮೂರು ಕೋರ್‌ಗೆ ಹೋದ್ರೆ, ಬೇಗ ಮುಗಿಸಿದವನದು ಮೊದಲು ಹೊರಗೆ ಬರುತ್ತೆ. 3 ಮೊದಲು, 1 ಆಮೇಲೆ. ಆ ಕಡೆ ಇರೋ ಯಂತ್ರ "ನಡುವಿನದು ಕಳೆದುಹೋಯ್ತು" ಅಂದ್ಕೊಂಡು ಮತ್ತೆ ಕಳಿಸು ಅನ್ನುತ್ತೆ, ವೇಗನೂ ಇಳಿಯುತ್ತೆ.

ಎರಡು, ಕ್ಯಾಶ್. ಒಂದು ಸಂಪರ್ಕದ ವಿವರ ಎಲ್ಲಾ ಒಂದು ಕೋರ್‌ನ ಹತ್ತಿರದ ನೆನಪಿನಲ್ಲಿ ಬೆಚ್ಚಗೆ ಇರುತ್ತೆ. ಪ್ರತಿ ಸಲ ಬೇರೆ ಕೋರ್‌ಗೆ ಕೊಟ್ರೆ ಆ ವಿವರ ಪ್ರತಿ ಸಲ ಹುಡುಕಿ ತರಬೇಕು.

ಇದನ್ನ ನಮ್ಮಜ್ಜ ನನಗಿಂತ ಚೆನ್ನಾಗಿ ಹೇಳ್ತಾರೆ. ಅವರು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಲೇತ್ ಮಶೀನು ತಯಾರಾಗ್ತಿದ್ದ ಜಾಗದಲ್ಲಿ, ಕೆಲಸ ಮಾಡಿದವರು. "ಒಬ್ಬನಿಗೆ ಒಂದು ಮಶೀನು ಕೊಡ್ಬೇಕು ಕಣೆ ಪುಟ್ಟಿ. ದಿನಾ ಮಶೀನು ಬದಲಾಯಿಸಿದ್ರೆ ಅದರ ಸದ್ದು ಕಿವಿಗೆ ಕೂರಂಗಿಲ್ಲ" ಅಂತಾರೆ. ಅಫಿನಿಟಿಗೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ.

ಅದಕ್ಕೇ ಕಾರ್ಡ್ ಏನು ಮಾಡುತ್ತೆ ಅಂದ್ರೆ, ಪ್ಯಾಕೆಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ, ಯಾವ ಪೋರ್ಟ್ ಅಂತ ನೋಡಿ ಒಂದು ಲೆಕ್ಕ ಹಾಕುತ್ತೆ. ಆ ಲೆಕ್ಕದ ಉತ್ತರದ ಮೇಲೆ ಕ್ಯೂ ಆರಿಸುತ್ತೆ. ಒಂದೇ ಸಂಪರ್ಕದ ಎಲ್ಲಾ ಪ್ಯಾಕೆಟ್‌ಗೂ ಉತ್ತರ ಒಂದೇ, ಹಾಗಾಗಿ ಕೋರ್ ಕೂಡ ಒಂದೇ. ಬೇರೆ ಬೇರೆ ಸಂಪರ್ಕಗಳು ಬೇರೆ ಬೇರೆ ಕೋರ್‌ಗೆ. ಇದಕ್ಕೆ ಆರ್‌ಎಸ್‌ಎಸ್ ಅಂತಾರೆ.

6/9
ಹಾಗಾದ್ರೆ ಸಿಪಿಯು ಸೊನ್ನೆ ಯಾಕೆ ಇನ್ನೂ ಬೇಯ್ತಿತ್ತು?

ಕೇಬಲ್ ಇಂಟರ್ನೆಟ್ ಇರೋ ಮನೆಯವರು ರೂಟರ್ ಸೆಟ್ಟಿಂಗ್ಸ್ ತೆರೆದು ನೋಡಿ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕೋ ಜಾಗದಲ್ಲಿ ಪಿಪಿಪಿಒಇ ಅಂತ ಇರೋ ಸಾಧ್ಯತೆ ಜಾಸ್ತಿ. ಇದೊಂದು ಲಕೋಟೆ. ನಿಮ್ಮ ಪ್ಯಾಕೆಟ್‌ನ 8 ಬೈಟ್‌ನ ಒಂದು ಹೊದಿಕೆಯಲ್ಲಿ ಸುತ್ತಿ ಆಫೀಸಿಗೆ ಕಳಿಸುತ್ತೆ. ಅದಕ್ಕೇ ಅಲ್ಲಿ ಎಂಟಿಯು 1500 ಬದಲು 1492 ಇರುತ್ತೆ.

ಆಫೀಸಿನ ಕಾರ್ಡ್‌ಗೆ ಆ ಲಕೋಟೆ ಒಡೆದು ಓದೋಕೆ ಬರಲ್ಲ. ಎಲ್ಲಿಂದ, ಎಲ್ಲಿಗೆ ಅನ್ನೋದು ಒಳಗಿದೆ. ಹೊರಗಿನಿಂದ ನೋಡಿದ್ರೆ ಎಲ್ಲಾ ಒಂದೇ ಥರ. ಗೊತ್ತಾಗದಿದ್ದಾಗ ಅದು ಎಲ್ಲವನ್ನೂ ಕ್ಯೂ ಸೊನ್ನೆಗೆ ಹಾಕುತ್ತೆ. ಅಂದ್ರೆ ಗಿರಾಕಿಗಳ ಕಡೆಯಿಂದ ಬರೋದೆಲ್ಲಾ, ನೂರಾರು ಮನೆಯದು, ಒಂದೇ ಸಾಲು. 8 ಕೌಂಟರ್ ಇದ್ದೂ ಒಂದೇ ಕೌಂಟರ್.

ಇದಕ್ಕೆ ಪರಿಹಾರ ಆರ್‌ಪಿಎಸ್. ಗೂಗಲ್‌ನ ಟಾಮ್ ಹರ್ಬರ್ಟ್ ಬರೆದದ್ದು, 2010ರಲ್ಲಿ ಲಿನಕ್ಸ್ 2.6.35ಕ್ಕೆ ಸೇರಿತು. ಕಾರ್ಡ್ ಮಾಡಲಾಗದ ವಿಂಗಡಣೆಯನ್ನ ಸಾಫ್ಟ್‌ವೇರ್ ಮಾಡುತ್ತೆ. ಬೆಲ್ ತಗೊಂಡ ಕೋರ್ ಲಕೋಟೆ ಒಳಗೆ ಇಣುಕಿ, ಲೆಕ್ಕ ಹಾಕಿ, "ಇದು ನಿಂದು" ಅಂತ ಬೇರೆ ಕೋರ್‌ಗೆ ದಾಟಿಸುತ್ತೆ. ತಾನು ಪೂರ್ತಿ ಕೆಲಸ ಮಾಡಲ್ಲ, ಬರೀ ವಿಂಗಡಿಸುತ್ತೆ.

ಆ ಕ್ಯೂನ ಮಾಸ್ಕ್‌ಗೆ ಎಫ್ಎಫ್ ಹಾಕಲಿಲ್ಲ, ಎಫ್ಇ ಹಾಕಿದ್ವಿ. 8 ಸ್ವಿಚ್‌ನಲ್ಲಿ ಸಿಪಿಯು ಸೊನ್ನೆಯದು ಮಾತ್ರ ಆಫ್. ಬೆಲ್ ತಗೊಳ್ಳೋದೇ ಅವನ ಕೆಲಸ ಆದ ಮೇಲೆ ಉಳಿದ ಭಾರನೂ ಯಾಕೆ?

ಆ ವಾರ ರಾತ್ರಿ 9ಕ್ಕೆ ಅಣ್ಣನಿಗೆ ಬರೋ ಫೋನ್‌ಗಳು ನಿಂತವು. ಸಾಲದ ಮಾತೂ ಅಲ್ಲಿಗೇ ನಿಂತಿತು.

7/9
ಫೋಟೊ: ನಮ್ಮ ಮನೆ ಅಡುಗೆಮನೆಯ ಕ್ಯಾಲೆಂಡರ್. ಪೆನ್ನಲ್ಲಿ ಗೀಚಿರೋದು ನಾನೇ.

ಈ ಕೆಲಸ ಮಾಡ್ತಿದ್ದ ದಿನಗಳಲ್ಲೇ ನನಗೆ ಬೆಂಗಳೂರಿನ ಒಂದು ಕೆಲಸದ ಇಂಟರ್‌ವ್ಯೂ ಇತ್ತು. ಮೂರು ಸುತ್ತು. ಓದಬೇಕು. ಓದೋಕೆ ಕೂತ್ರೆ ಒಂದು ಸಂಜೆ ಎಷ್ಟು ಬೆಲ್ ಬಂತು ಅಂತ ಪುಸ್ತಕದ ಅಂಚಲ್ಲಿ ಗೀಟು ಹಾಕ್ತಾ ಹೋದೆ. ಗ್ಯಾಸ್ ಓಟಿಪಿ. ಬೆಸ್ಕಾಂ ಬಿಲ್. ಅಜ್ಜನ ಬಿಪಿ ಮಾತ್ರೆ. ತಮ್ಮನ ಫೀಸ್ ರಸೀದಿ. ಚಿಕ್ಕಮ್ಮನ "ಒಂದು ಫಾರಂ ತುಂಬಿಕೊಡೆ". ಕೊರಿಯರ್. ಅಪ್ಪನ ಫೋನಲ್ಲಿ ಪೇಮೆಂಟ್ ಸಿಕ್ಕಾಕೊಂಡಿದ್ದು. ಒಂದೊಂದಕ್ಕೂ ಎರಡೇ ನಿಮಿಷ. ವಾಪಸ್ ಬಂದು ಎಲ್ಲಿ ಓದ್ತಿದ್ದೆ ಅಂತ ಹುಡುಕೋಕೆ ಹತ್ತು ನಿಮಿಷ.

ನಮ್ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. "ಯಾರು ಬೇಕಾದ್ರೂ ಮಾಡ್ಬಹುದು" ಅನ್ನೋದೇ ನಮ್ಮನೆ ನಿಯಮ. ಎಫ್ಎಫ್. ಮೊದಲು ಸಿಗೋದು ನಾನು, ಅಷ್ಟೇ. ನಿಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯವರ ಮುಂದೆ ಗೀಟುಗಳ ಪುಟ ಇಟ್ಟೆ. ಜಗಳ ಮಾಡಲಿಲ್ಲ, ಎಣಿಕೆ ತೋರಿಸಿದೆ. ಅಮ್ಮ ಎಣಿಸಿ, "ಇಷ್ಟಾ?" ಅಂದ್ರು. ಅವತ್ತಿಂದ ಯಾರು ಬಿಡುವಾಗಿರ್ತಾರೋ ಅವರು ಮಾಡೋದು ಅಂತ ತೀರ್ಮಾನ ಆಯ್ತು.

ಮೂರೇ ದಿನ. "ಅಜ್ಜಂಗೆ ಸಂಜೆ ಮಾತ್ರೆ ಕೊಟ್ರಾ?" ಅಂತ ಮೂರು ಜನ ಒಬ್ಬರನ್ನೊಬ್ಬರು ಕೇಳ್ತಿದ್ರು. ಕೊನೆಗೆ ಮೂವರೂ ನನ್ನನ್ನ ಕೇಳಿದ್ರು. ಸರದಿ ಹಂಚಿಕೆಯ ಕಥೆ 5ನೇ ಭಾಗದಲ್ಲಿ ಓದಿದ್ರಲ್ಲ, ಅದೇ.

8/9
ಆಗ ಫ್ಲೋ ಲೆಕ್ಕದಲ್ಲಿ ಹಂಚಿದ್ವಿ. ಕೆಲಸದಿಂದ ಕೆಲಸಕ್ಕೆ ಆಳು ಬದಲಾಗಬಾರದು. ಅಜ್ಜನ ಮಾತ್ರೆ, ಡಾಕ್ಟರ್ ಚೀಟಿ, ಶುಗರ್ ಟೆಸ್ಟ್ ಎಲ್ಲಾ ತಮ್ಮನಿಗೆ. ಒಂದು ಮಾತ್ರೆ ಇವತ್ತು, ಒಂದು ನಾಳೆ ಅಂತ ಅಲ್ಲ, ಇಡೀ ವಿಷಯ ಅವನದು. ಬಿಲ್‌ಗಳು ಅಪ್ಪನಿಗೆ. ಗ್ಯಾಸ್, ರೇಷನ್ ಅಮ್ಮನಿಗೆ. ಕ್ಯಾಲೆಂಡರ್ ಮೇಲೆ ಇರೋದು ಅದೇ ಪಟ್ಟಿ.

ಆದ್ರೂ ಬೆಲ್ ನನಗೇ ಬರ್ತಿತ್ತು. ಹುಡುಕಿದ್ರೆ ಕಾರಣ ಸಿಕ್ತು: ಗ್ಯಾಸ್, ಬ್ಯಾಂಕ್, ಕರೆಂಟು, ಎಲ್ಲಾ ಕಡೆ ರಿಜಿಸ್ಟರ್ ಆಗಿರೋದು ನನ್ನ ಮೊಬೈಲ್ ನಂಬರ್. ಲಕೋಟೆ ಯಾರದ್ದಾದ್ರೂ ಆಗಲಿ, ಸಾಲು ಒಂದೇ. ಒಂದು ಶನಿವಾರ ಪೂರ್ತಿ ಕೂತು, ಕೆಲವಕ್ಕೆ ಹರಿಹರದಲ್ಲೇ ಆಫೀಸಿಗೆ ಹೋಗಿ, ಒಂದಕ್ಕೆ ದಾವಣಗೆರೆ ತನಕ ಬಸ್ಸಲ್ಲಿ ಹೋಗಿ ನಂಬರ್ ಬದಲಾಯಿಸಿಕೊಂಡು ಬಂದ್ವಿ. ಅಮ್ಮ ಮೊದಲ ಓಟಿಪಿ ತಾವೇ ಓದಿ ಹೇಳಿದ ಖುಷಿ ನೋಡಬೇಕಿತ್ತು.

ಎಲ್ಲವನ್ನೂ ಹಂಚೋಕೆ ಆಗಲ್ಲ ಅನ್ನೋದನ್ನೂ ಹೇಳಬೇಕು. ಒಂದೇ ದೊಡ್ಡ ಡೌನ್‌ಲೋಡ್ ಬಂದ್ರೆ ಅದು ಒಂದೇ ಫ್ಲೋ, ಆರ್‌ಎಸ್‌ಎಸ್ ಆಗ್ಲಿ ಆರ್‌ಪಿಎಸ್ ಆಗ್ಲಿ ಅದನ್ನ ಎಂಟು ಪಾಲು ಮಾಡಲ್ಲ. ರಾತ್ರಿ ಎಲ್ಲಾ ಮಲಗಿದ ಮೇಲೆ ಅಮ್ಮ ನನ್ನ ಹತ್ರ ಬಂದು ಕೂತು ಹೇಳ್ಕೊಳ್ಳೋ ಮಾತುಗಳು ಆ ಥರದ್ದು. ಅದು ತಮ್ಮನಿಗೆ ಹೋಗಲ್ಲ. ಹೋಗೋದೂ ಬೇಡ.

ಇನ್ನೊಂದು ಸಂಗತಿ. ಲಿನಕ್ಸ್‌ನಲ್ಲಿ ಓಡ್ತಿರೋ ಕೋರ್ ಒಂದನ್ನ ಆಫ್‌ಲೈನ್ ಮಾಡಬಹುದು, ಅದರ ಇಂಟರಪ್ಟ್‌ಗಳನ್ನ ಕರ್ನಲ್ ಉಳಿದವರಿಗೆ ದಾಟಿಸುತ್ತೆ. ಆದ್ರೆ ನಮ್ಮ ನಿಮ್ಮ ಸಾಮಾನ್ಯ ಪಿಸಿಗಳಲ್ಲಿ ಸಿಪಿಯು ಸೊನ್ನೆಯನ್ನ ಆಫ್ ಮಾಡೋಕೆ ಬಿಡಲ್ಲ. ಯಂತ್ರ ಬೂಟ್ ಆಗೋದೇ ಅದರಿಂದ.

ಇಂಟರ್‌ವ್ಯೂ ಆಯ್ತು. ಆಫರ್ ಬಂತು. "ನೀನು ಹೋದ್ರೆ ಮನೆ ಹೆಂಗೆ?" ಅಂತ ಚಿಕ್ಕಮ್ಮ ಕೇಳಿದಾಗ ಉತ್ತರ ಕೊಟ್ಟಿದ್ದು ತಮ್ಮ: "ನಡೀತೈತೆ ಬಿಡು ಚಿಕ್ಕಮ್ಮ. ಅಕ್ಕ ಕಂಪ್ಯೂಟರ್ ಅಲ್ಲ."

9/9
ಇನ್ನು ನಿಮ್ಮ ಪಾಳಿ.

ಲಿನಕ್ಸ್ ಇರೋರು ಇವತ್ತೇ ಪ್ರೊಕ್ ಫೋಲ್ಡರ್‌ನ ಇಂಟರಪ್ಟ್ಸ್ ಫೈಲ್ ತೆರೆದು ನೋಡಿ. ನಿಮ್ಮ ನೆಟ್‌ವರ್ಕ್ ಕಾರ್ಡ್‌ನ ಸಾಲು ಹುಡುಕಿ. ಯಾವ ಕಾಲಂ ಏರ್ತಿದೆ? ಬರೀ ನೋಡೋದ್ರಿಂದ ಏನೂ ಹಾಳಾಗಲ್ಲ. ಎಂಪಿಸ್ಟಾಟ್ ಹಾಕಿದ್ರೆ ಪ್ರತಿ ಕೋರ್‌ನ ಸಾಫ್ಟ್ ಅನ್ನೋ ಕಾಲಂ ಕಾಣುತ್ತೆ. ಒಂದರಲ್ಲಿ ಮಾತ್ರ ನೂರರ ಹತ್ತಿರ ಇದ್ರೆ ರೋಗ ಇದೇ. ಸಾಫ್ಟ್‌ನೆಟ್ ಸ್ಟ್ಯಾಟ್ ಫೈಲ್‌ನ ಎರಡನೇ ಕಾಲಂ ಏರ್ತಿದ್ರೆ ಪ್ಯಾಕೆಟ್‌ಗಳು ಸಾಲಲ್ಲೇ ಬಿದ್ದುಹೋಗ್ತಿವೆ ಅಂತ.

ಬದಲಾಯಿಸೋ ಮುಂಚೆ ಮೂರು ಎಚ್ಚರಿಕೆ:

ಒಂದು, ಬೇರೆಯವರ ಸರ್ವರ್‌ನಲ್ಲಿ ಅವರ ಒಪ್ಪಿಗೆ ಇಲ್ಲದೆ, ಗಿರಾಕಿಗಳು ತುಂಬಿರೋ ಹೊತ್ತಲ್ಲಿ ಕೈ ಹಾಕಬೇಡಿ. ಹಳೆ ಸೆಟ್ಟಿಂಗ್ ಮೊದಲು ಬರೆದಿಟ್ಕೊಳ್ಳಿ.

ಎರಡು, ನೀವು ಕೈಯಾರೆ ಹಂಚಿದ್ದನ್ನ ಐಆರ್‌ಕ್ಯೂ ಬ್ಯಾಲೆನ್ಸ್ ಮತ್ತೆ ಬದಲಾಯಿಸಬಹುದು. ಇಬ್ಬರಲ್ಲಿ ಒಬ್ಬರು ಯಜಮಾನರಾಗಿ. ಎಷ್ಟೋ ಯಂತ್ರಕ್ಕೆ ಅದೊಂದನ್ನ ಆನ್ ಮಾಡಿದ್ರೇ ಸಾಕು.

ಮೂರು, ರೀಬೂಟ್ ಆದ್ರೆ ಈ ಬರಹ ಎಲ್ಲಾ ಅಳಿಸಿಹೋಗುತ್ತೆ. ಬೂಟ್ ಆಗುವಾಗ ಓಡೋ ಸ್ಕ್ರಿಪ್ಟ್‌ನಲ್ಲಿ ಹಾಕಿಡಿ. (ಮನೆಯಲ್ಲಾದ್ರೆ ಹಬ್ಬ ಬಂತು ಅಂದ್ರೆ ರೀಬೂಟ್ ಅಂತಾನೇ ತಿಳ್ಕೊಳ್ಳಿ. ಯುಗಾದಿ ದಿನ ಕ್ಯಾಲೆಂಡರ್ ಪಟ್ಟಿ ಯಾರೂ ನೋಡಲ್ಲ.)

ಬಿಡಿಟಿ, ಬಿಐಇಟಿಯ ಜೂನಿಯರ್‌ಗಳೇ, ಪ್ರಾಜೆಕ್ಟ್ ವಿಷಯ ಸಿಗ್ತಿಲ್ಲ ಅಂತ ಮೆಸೇಜ್ ಮಾಡ್ತಿರ್ತೀರಲ್ಲ. ಲ್ಯಾಬಿನ ಎರಡು ಹಳೆ ಪಿಸಿ, ಒಂದು ಕೇಬಲ್ ತಗೊಳ್ಳಿ. ಒಂದೇ ಕ್ಯೂ ಇರೋ ಕಾರ್ಡ್‌ನಲ್ಲಿ ಆರ್‌ಪಿಎಸ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ, ಚಿಕ್ಕ ಪ್ಯಾಕೆಟ್ ಸುರಿದು ಅಳೆಯಿರಿ. ಸುಧಾರಿಸದೇ ಇದ್ರೂ ಬರೀರಿ, ಯಾಕೆ ಸುಧಾರಿಸಲಿಲ್ಲ ಅನ್ನೋದೇ ಒಳ್ಳೆ ರಿಪೋರ್ಟ್ ಆಗುತ್ತೆ.

ಇನ್ನೊಂದು ಲೆಕ್ಕ, ಲಿನಕ್ಸ್ ಇಲ್ಲದವರಿಗೂ. ಒಂದು ಸಂಜೆ ನಿಮ್ಮ ಮನೆಯಲ್ಲಿ ಯಾರ ಹೆಸರು ಎಷ್ಟು ಸಲ ಕೂಗ್ತಾರೆ, ಗೀಟು ಹಾಕಿ. ಉದ್ದ ಸಾಲು ಯಾರದು ಅಂತ ಕಾಮೆಂಟಲ್ಲಿ ಬರೀರಿ. ಅಮ್ಮನದಾಗಿದ್ರೆ ಒಂದು ಫ್ಲೋ ಆರಿಸ್ಕೊಂಡು ಪೂರ್ತಿ ನಿಮ್ಮದು ಮಾಡ್ಕೊಳ್ಳಿ.

ಮುಂದಿನ ಸರಣಿ ಬೆಂಗಳೂರಿಂದ.

#ದಾವಣಗೆರೆ #ಹರಿಹರ #ಲಿನಕ್ಸ್ #ಕನ್ನಡದಲ್ಲಿ_ಟೆಕ್ #ಸಿಪಿಯು_ಸೊನ್ನೆ